ಸ್ಪೋರ್ಟಿ ಹ್ಯಾಚ್‌ಬ್ಯಾಕ್ ದಿನಬಳಕೆಗೆ ಒಗ್ಗುತ್ತಾ? ಕೊಳ್ಳುವ ಮುಂಚೆ ಏನೇನು ನೋಡಬೇಕು?

ನಾಲ್ಕನೇಗೇರು ಕೇಳಿದ್ದು:

ದಿನಕ್ಕೆ ಹೋಗಿಬರೋ ದೂರ 50 ಕಿ.ಮೀ. ಅರ್ಧ ದಾರಿ ನಿಂತು ನಿಂತು ಸಾಗೋ ಟ್ರಾಫಿಕ್ಕು, ಇನ್ನರ್ಧ 80-100ರ ವೇಗದ ಹೆದ್ದಾರಿ. ಹಿಂದಿನ ಸೀಟಿನಲ್ಲಿ ಮಗುವಿನ ಸೀಟು ಖಾಯಂ. ಮನೆಗೆ ಇದೊಂದೇ ಕಾರು.

ಕಣ್ಣಿಟ್ಟಿರೋದು ಏಳನೇ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಮೇಲೆ, ಸೆಕೆಂಡ್ ಹ್ಯಾಂಡ್. ಎರಡನೇ ಆಯ್ಕೆ ಟರ್ಬೋ ಎಂಜಿನ್ನಿನ ಸ್ವಿಫ್ಟ್ ಸ್ಪೋರ್ಟ್. ಎಷ್ಟು ಪವರು, 0-100ಕ್ಕೆ ಎಷ್ಟು ಸೆಕೆಂಡು ಅನ್ನೋದು ಎಲ್ಲಾ ಕಡೆ ಸಿಗುತ್ತೆ. ನನಗೆ ಬೇಕಿರೋದು ಬೇರೆ: ಸವಾರಿ ಎಷ್ಟು ಗಡುಸು, ಟ್ರಾಫಿಕ್ಕಿನಲ್ಲಿ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸು) ಒಳ್ಳೇದಾ ಮ್ಯಾನುಯಲ್ಲಾ, ಐದಾರು ವರ್ಷ ಇಟ್ಕೊಂಡರೆ ಯಾವುದು ಮೊದಲು ಕೈಕೊಡುತ್ತೆ, ಟೆಸ್ಟ್ ಡ್ರೈವಿನಲ್ಲಿ ಇದನ್ನೆಲ್ಲ ಹೇಗೆ ಪತ್ತೆ ಹಚ್ಚೋದು.

---

ಸ್ಪ್ಯಾನರ್17 ಉತ್ತರ:

ಸವಾರಿಯಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ಇಂಥ ಕಾರುಗಳನ್ನ ಜನ ಕೊಂಡು ವರ್ಷದೊಳಗೆ ಮಾರೋದು ಬಹುಪಾಲು ಇದೇ ಕಾರಣಕ್ಕೆ. ಸಸ್ಪೆನ್ಶನ್ ಗಡುಸು ಅಂತ ಬೈತಾರೆ, ಆದರೆ ಅರ್ಧ ತಪ್ಪು ಟೈರಿನ ಗೋಡೆಯದ್ದು. ಲೆಕ್ಕ ಸುಲಭ: ಟೈರಿನ ಅಗಲವನ್ನ ಎರಡನೇ ಅಂಕಿಯ ಶೇಕಡಾದಿಂದ ಗುಣಿಸಿದರೆ ಗೋಡೆಯ ಎತ್ತರ ಸಿಗುತ್ತೆ.

ಮಾಮೂಲಿ ಗಾಲ್ಫಿನ 205/55 ಆರ್16ಕ್ಕೆ (205 ಮಿ.ಮೀ. ಅಗಲ, ಶೇ. 55, 16 ಇಂಚಿನ ರಿಮ್) 113 ಮಿ.ಮೀ. ಜಿಟಿಐಗೆ ಬರೋ 225/45 ಆರ್17ಕ್ಕೆ 101. ಅದೇ ಕಾರಿನ 225/40 ಆರ್18ಕ್ಕೆ 90. ಕೆಲವರು ಹಾಕಿಸ್ಕೊಳ್ಳೋ 225/35 ಆರ್19ಕ್ಕೆ 79. ಸ್ವಿಫ್ಟ್ ಸ್ಪೋರ್ಟಿನ 195/45 ಆರ್17ಕ್ಕೆ 88. ಗಾಲ್ಫಿನ ಈ ಟೈರುಗಳ ಹೊರಗಿನ ಸುತ್ತಳತೆ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ, ಆದ್ದರಿಂದ ರಿಮ್ ದೊಡ್ಡದಾದಷ್ಟೂ ಕಡಿಮೆ ಆಗೋದು ಗಾಳಿ ತುಂಬಿದ ಭಾಗ. 17ರಿಂದ 19ಕ್ಕೆ ಹೋದರೆ 22 ಮಿ.ಮೀ. ಮೆತ್ತೆ ಹೋಯ್ತು. ಗುಂಡಿಯ ಚೂಪು ಅಂಚಿಗೆ ಟೈರು ಮಡಚಿಕೊಂಡು ರಿಮ್ಮಿಗೆ ತಾಗೋದಕ್ಕೂ ತಾಗದೇ ಇರೋದಕ್ಕೂ ಇರೋ ವ್ಯತ್ಯಾಸ ಅದೇ. ತಾಗಿದರೆ ಎರಡರಲ್ಲಿ ಒಂದು: ರಿಮ್ಮಿನ ಒಳತುಟಿ ಬಾಗುತ್ತೆ, ಇಲ್ಲಾ ಗೋಡೆಯೊಳಗಿನ ದಾರ ಕಡಿದು ಮೊಟ್ಟೆಯಂತೆ ಉಬ್ಬುತ್ತೆ. ಉಬ್ಬಿದ ಟೈರಿಗೆ ರಿಪೇರಿ ಇಲ್ಲ, ಬದಲಾಯಿಸಲೇಬೇಕು. ಸ್ಟೆಪ್ನಿ ಬದಲು ಬರೀ ಸೀಲಂಟ್ ಕಿಟ್ ಇರೋ ಕಾರಾದರೆ ಅಲ್ಲೇ ನಿಲ್ಲಬೇಕಾಗುತ್ತೆ. ಆ ದ್ರವ ಟ್ರೆಡ್ಡಿನ ಸಣ್ಣ ತೂತು ಮುಚ್ಚುತ್ತೆ ಹೊರತು ಗೋಡೆಯ ಸೀಳಿಗೆ ಕೆಲಸಕ್ಕೆ ಬರಲ್ಲ. ಬಾಟಲಿ ಮೇಲೆ ಅವಧಿ ಮುಗಿಯೋ ದಿನಾಂಕ ಇರುತ್ತೆ, ಅದನ್ನೂ ನೋಡಿ.

ಸಸ್ಪೆನ್ಶನ್ ಅಳೆಯೋಕೆ ಮೂರು ಥರ ರಸ್ತೆ ಬೇಕು, ನುಣುಪಾದ ಒಂದೇ ರಸ್ತೆ ಸಾಲದು. ಮೊದಲನೇದು, 20-40ರ ವೇಗದಲ್ಲಿ ತೇಪೆ ಹಾಕಿದ ರಸ್ತೆ. ಚೂಪು ಹೊಡೆತ ಸೀಟಿನ ತಳಕ್ಕೆ ನೇರವಾಗಿ ಬರುತ್ತಾ, ಡ್ಯಾಶ್‌ಬೋರ್ಡು ಗಡಗಡ ಅನ್ನುತ್ತಾ ನೋಡಿ. ಎರಡನೇದು, 80-100ರಲ್ಲಿ ಅಲೆಯಂತೆ ಏರಿಳಿಯೋ ಹೆದ್ದಾರಿ. ಒಳ್ಳೆ ಸಸ್ಪೆನ್ಶನ್ ಒಮ್ಮೆ ಕುಗ್ಗಿ ಎದ್ದು ಅಲ್ಲೇ ನಿಲ್ಲುತ್ತೆ. ಎರಡು ಮೂರು ಸಲ ತೂಗಿದರೆ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಸತ್ತಿದೆ, ಒಂದೇ ಸಮನೆ ಕುಟುಕ್ತಾ ಇದ್ದರೆ ಸ್ಪ್ರಿಂಗು ಮಿತಿಮೀರಿ ಗಡುಸು. ಮೂರನೇದು, ಸ್ಟೀರಿಂಗ್ ಸ್ವಲ್ಪ ತಿರುಗಿರುವಾಗಲೇ ಸಿಗೋ ಹಂಪು ಅಥವಾ ಗುಂಡಿ. ಕಾರು ಪಕ್ಕಕ್ಕೆ ಜಿಗಿದು ದಾರಿ ಬಿಡುತ್ತಾ?

ಈ ಮೂರನ್ನೂ ಇಬ್ಬರು ಕೂತು ಮಾಡಿ, ಒಬ್ಬರು ಹಿಂದಿನ ಸೀಟಿನಲ್ಲಿ. ಹಿಂದೆ ಕೂತವರು ಫೋನಿನಲ್ಲಿ ನಾಲ್ಕು ಸಾಲು ಓದೋಕೆ ಪ್ರಯತ್ನಿಸಲಿ. ಮುಂದಿನ ಸೀಟು ಎರಡು ಆಕ್ಸಲ್‌ಗಳ ನಡುವೆ ಇರೋದರಿಂದ ಅಲ್ಲಿ ಕುಲುಕಾಟ ಕಡಿಮೆ. ಹಿಂದಿನ ಸೀಟು ಹಿಂಚಕ್ರದ ಹತ್ತಿರ, ಪೂರ್ತಿ ಹೊಡೆತ ಅಲ್ಲಿಗೇ. ನಿಮ್ಮ ಮಗು ಕೂರೋದು ಅಲ್ಲೇ.

ಜಿಟಿಐಯಲ್ಲಿ ಡಿಸಿಸಿ, ಅಂದ್ರೆ ಗಡಸುತನ ಬದಲಾಯಿಸಬಹುದಾದ ಡ್ಯಾಂಪರ್ ಇರೋ ಗಾಡಿ ಸಿಕ್ಕರೆ ಬಿಡಬೇಡಿ. ದಿನಬಳಕೆಗೆ ಇಡೀ ಆಯ್ಕೆಪಟ್ಟಿಯಲ್ಲಿ ಅದೇ ಅತಿ ಉಪಯುಕ್ತ ವಸ್ತು. ಒಂದು ಎಚ್ಚರಿಕೆ: ಆ ಡ್ಯಾಂಪರ್ ಸೋರಿದರೆ ಬದಲಿ ದುಬಾರಿ. ನಾಲ್ಕೂ ಚಕ್ರದ ಹಿಂದೆ ಟಾರ್ಚು ಬಿಟ್ಟು ಡ್ಯಾಂಪರಿನ ಮೈ ಎಣ್ಣೆಯಿಂದ ಒದ್ದೆಯಾಗಿದೆಯಾ ನೋಡಿ. ಮೋಡ್ ಬದಲಿಸಿ ಅದೇ ಹಂಪಿನ ಮೇಲೆ ಎರಡು ಸಲ ಹೋಗಿ. ವ್ಯತ್ಯಾಸ ಗೊತ್ತಾಗಲೇಬೇಕು, ಗೊತ್ತಾಗದಿದ್ದರೆ ಏನೋ ಕೆಟ್ಟಿದೆ.

ಟೈರಿನ ಸವೆತವೂ ಕಥೆ ಹೇಳುತ್ತೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಮುಂದಿನ ಟೈರಿನ ಒಳ ಅಂಚಿನ ಮೇಲೆ ಬೆರಳು ಆಡಿಸಿ. ಒಂದು ಕಡೆಗೆ ಸವರಿದರೆ ನುಣುಪು, ವಾಪಸ್ ಸವರಿದರೆ ಗರಗಸದ ಹಲ್ಲು ಸಿಕ್ಕಂಗಾದರೆ ಟೋ (ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರೋ ಕೋನ) ತಪ್ಪಿದೆ. ಒಳ ಅಂಚು ಬೋಳಾಗಿದ್ದರೆ ಎಲ್ಲರೂ ಕ್ಯಾಂಬರ್ (ಮುಂದಿಂದ ನೋಡಿದಾಗ ಚಕ್ರ ವಾಲಿರೋ ಕೋನ) ಅಂತಾರೆ. ಒಂದು, ಒಂದೂವರೆ ಡಿಗ್ರಿ ಕ್ಯಾಂಬರ್ ಒಂದೇ ಅಷ್ಟು ಬೇಗ ಟೈರು ತಿನ್ನಲ್ಲ, ಜೊತೆಗೆ ಟೋ ತಪ್ಪಿರೋದೇ ಮುಖ್ಯ ಕಾರಣ. ಅಲೈನ್‌ಮೆಂಟ್ ಮಾಡಿಸಿದಾಗ ಹಿಂದಿನ ಚಕ್ರದ ಟೋ ಕೂಡ ಅಳೆಸಿ. ಈ ಕಾರಿನ ಮಲ್ಟಿಲಿಂಕ್ (ಹಲವು ತೋಳುಗಳ) ಹಿಂದಿನ ಸಸ್ಪೆನ್ಶನ್ನಿನಲ್ಲಿ ಅದನ್ನ ಸರಿಪಡಿಸೋಕೆ ಬರುತ್ತೆ.

---

ಎಣ್ಣೆಬತ್ತಿ ಉತ್ತರ:

ಎಂಜಿನ್ ಮತ್ತು ಗೇರ್‌ಬಾಕ್ಸ್ ಬಗ್ಗೆ ನಾನು ಹೇಳುತ್ತೇನೆ.

ಡೈರೆಕ್ಟ್ ಇಂಜೆಕ್ಷನ್ ಟರ್ಬೋ ಎಂಜಿನ್ನಿಗೆ ಟ್ರಾಫಿಕ್ಕಿನ ಬದುಕು ರೇಸ್ ಟ್ರ್ಯಾಕ್‌ಗಿಂತ ಬೇರೆ ರೀತಿಯಲ್ಲಿ ಕಷ್ಟ. ಮೊದಲನೆಯದು ಇನ್‌ಟೇಕ್ ವಾಲ್ವಿನ ಮಸಿ. ಪೆಟ್ರೋಲು ನೇರವಾಗಿ ಸಿಲಿಂಡರಿನೊಳಗೆ ಚಿಮ್ಮುವುದರಿಂದ ವಾಲ್ವಿನ ಬೆನ್ನನ್ನು ತೊಳೆಯುವವರು ಯಾರೂ ಇಲ್ಲ. ಬ್ರೀದರ್ (ಎಂಜಿನ್ನಿನೊಳಗಿನ ಆವಿ ಹೊರಹೋಗುವ ಕೊಳವೆ) ಮೂಲಕ ಬರುವ ಎಣ್ಣೆಯಾವಿ ಅಲ್ಲಿ ಕೂತು, ಬೆಂದು, ಕಲ್ಲಾಗುತ್ತದೆ. ಲಕ್ಷಣಗಳು: ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಅರ್ಧ ನಿಮಿಷ ಒರಟು ಐಡಲ್, ಮಿಸ್‌ಫೈರ್ ಕೋಡ್, ಮಧ್ಯದ ಆರ್‌ಪಿಎಂನಲ್ಲಿ ಪಿಕಪ್ ಕುಂಠಿತ. ಪೆಟ್ರೋಲಿಗೆ ಬೆರೆಸುವ ಯಾವ ಕ್ಲೀನರೂ ಇದಕ್ಕೆ ನಾಟುವುದಿಲ್ಲ, ಏಕೆಂದರೆ ಪೆಟ್ರೋಲು ಆ ಜಾಗವನ್ನು ಮುಟ್ಟುವುದೇ ಇಲ್ಲ. ಮ್ಯಾನಿಫೋಲ್ಡ್ ಬಿಚ್ಚಿ ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಿಂದ ಹೊಡೆದು ಸ್ವಚ್ಛಗೊಳಿಸುವುದೇ ಸರಿಯಾದ ದಾರಿ. ಈ ಜಿಟಿಐಯ ಇಎ888 ಎಂಜಿನ್ನಿನಲ್ಲಿ ಕೆಲವು ಮಾರುಕಟ್ಟೆಗಳಿಗೆ ಪೋರ್ಟ್ ಇಂಜೆಕ್ಟರ್‌ಗಳೂ (ವಾಲ್ವಿನ ಹಿಂದೆಯೇ ಪೆಟ್ರೋಲು ಚಿಮ್ಮುವವು) ಸೇರಿ ಎರಡು ಜೋಡಿ ಬಂದಿವೆ. ಅಂಥವುಗಳಲ್ಲಿ ಈ ಕಾಟ ತುಂಬ ಕಡಿಮೆ. ನೀವು ನೋಡುವ ಗಾಡಿ ಯಾವ ಬಗೆಯದು ಎಂದು ಎಂಜಿನ್ ಕೋಡ್‌ನಿಂದ ತಿಳಿದುಕೊಳ್ಳಿ.

ಎರಡನೆಯದು ಕಡಿಮೆ ಆರ್‌ಪಿಎಂನಲ್ಲಿ ಹೊತ್ತಿಗೆ ಮುಂಚೆ ಉರಿಯುವ ಸಮಸ್ಯೆ, ಎಲ್‌ಎಸ್‌ಪಿಐ. ಆರನೇ ಗೇರಿನಲ್ಲಿ 1500 ಆರ್‌ಪಿಎಂ ಇರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ, ಟರ್ಬೋ ಪೂರ್ಣ ಒತ್ತಡ ಕೊಡುತ್ತದೆ, ಪಿಸ್ಟನ್ ಮಾತ್ರ ನಿಧಾನಕ್ಕೆ ಏರುತ್ತಿರುತ್ತದೆ. ಎಣ್ಣೆ ಬೆರೆತ ಪೆಟ್ರೋಲಿನ ಹನಿ ಪ್ಲಗ್ಗಿನ ಕಿಡಿಗಿಂತ ಮೊದಲೇ ಹೊತ್ತಿಕೊಂಡರೆ ಆ ಹೊಡೆತ ಪಿಸ್ಟನ್ನಿನ ರಿಂಗ್ ಅಂಚನ್ನೇ ಮುರಿಯಬಲ್ಲದು. ಉಪಾಯ ಎರಡು. ಜೋರಾಗಿ ಎಳೆಯಬೇಕಾದಾಗ ಒಂದು ಗೇರು ಇಳಿಸಿ, 2500ರ ಮೇಲೆ ಇಟ್ಟು ಒತ್ತಿ. ಮತ್ತು ಎಲ್‌ಎಸ್‌ಪಿಐ ಪರೀಕ್ಷೆ ಪಾಸಾದ ಎಣ್ಣೆ, ಅಂದರೆ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಸ್‌ಪಿ ಗುಣಮಟ್ಟದ್ದು ಅಥವಾ ಕಾರು ತಯಾರಕರು ಹೇಳಿದ ಸರಿಸಮದ್ದು ಹಾಕಿ. ಎಸ್‌ಪಿ ಬಂದದ್ದು 2020ರಲ್ಲಿ. ಕ್ಯಾಲ್ಸಿಯಂ ಡಿಟರ್ಜೆಂಟ್ ಹೆಚ್ಚಿರುವ ಹಳೆಯ ಸೂತ್ರದ ಎಣ್ಣೆಗಳು ಈ ಸಮಸ್ಯೆಯನ್ನು ಹೆಚ್ಚಿಸುತ್ತವೆ.

ಮೂರನೆಯದು ಎಣ್ಣೆಯ ಬಿಸಿ. ಕೂಲಂಟ್ ಐದು ನಿಮಿಷದಲ್ಲಿ 90 ಡಿಗ್ರಿ ಮುಟ್ಟಬಹುದು, ಎಂಜಿನ್ ಎಣ್ಣೆ 80 ದಾಟಲು ಹತ್ತು-ಹದಿನೈದು ನಿಮಿಷ ಬೇಕು. ಡ್ಯಾಶ್‌ನಲ್ಲಿ ಎಣ್ಣೆಯ ತಾಪಮಾನ ತೋರಿಸುವ ಪುಟ ಇದ್ದರೆ ಅದನ್ನೇ ನೋಡಿ ಓಡಿಸಿ. 80 ಆಗುವ ತನಕ 3000 ಆರ್‌ಪಿಎಂ ಒಳಗೆ. ದಿನಾ ಐದಾರು ಕಿ.ಮೀ. ಓಡಿಸಿ ನಿಲ್ಲಿಸುವವರಿಗೆ ಇಂಥ ಎಂಜಿನ್ ಬೇಡ ಎನ್ನುತ್ತೇನೆ. ಪೆಟ್ರೋಲು ಎಣ್ಣೆಗೆ ಬೆರೆಯುತ್ತದೆ, ಆವಿಯಾಗಿ ಹೋಗುವಷ್ಟು ಬಿಸಿಯೇ ಆಗುವುದಿಲ್ಲ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರಿದಂತೆ ಕಂಡು ಪೆಟ್ರೋಲಿನ ವಾಸನೆ ಬಂದರೆ ಅದೇ. ನಿಮ್ಮದು ಒಂದು ಕಡೆಗೆ 25 ಕಿ.ಮೀ., ತೊಂದರೆ ಇಲ್ಲ. ಎಣ್ಣೆಯನ್ನು 10,000 ಕಿ.ಮೀ. ಅಥವಾ ವರ್ಷ, ಯಾವುದು ಮೊದಲೋ ಆಗ ಬದಲಿಸಿ. 20-30 ಸಾವಿರದ ಲಾಂಗ್‌ಲೈಫ್ ಅವಧಿ ಟ್ರಾಫಿಕ್ಕಿನ ಗಾಡಿಗೆ ಹೇಳಿದ್ದಲ್ಲ.

ಈ ಎಂಜಿನ್ನಿನ ಗೊತ್ತಿರುವ ದೌರ್ಬಲ್ಯ ಇನ್ನೊಂದಿದೆ: ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್ ಕೂರುವ ಪ್ಲಾಸ್ಟಿಕ್ ಹೌಸಿಂಗ್ ಬಿಸಿಗೆ ಸೊಟ್ಟಗಾಗಿ ಸೋರುತ್ತದೆ. ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ ಒಣಗಿದ ಗುಲಾಬಿ ಕಲೆ ಹುಡುಕಿ. ಕೂಲಂಟ್ ಟ್ಯಾಂಕಿನ ಮಟ್ಟ ಕನಿಷ್ಠ ಗೆರೆಯ ಹತ್ತಿರ ಇದ್ದು, ಮಾಲೀಕರು "ಸ್ವಲ್ಪ ಹಾಕ್ತಾ ಇರ್ತೀವಿ" ಎಂದರೆ ಕಾರಣ ಬಹುತೇಕ ಇದೇ.

ಇನ್ನು ಗೇರ್‌ಬಾಕ್ಸು. ಆರು ಗೇರಿನ ಡಿಕ್ಯೂ250 ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚುಗಳದ್ದು, ಬಿಸಿ ತಡೆಯುತ್ತದೆ. 60,000 ಕಿ.ಮೀ.ಗೆ ಎಣ್ಣೆ ಮತ್ತು ಫಿಲ್ಟರ್ ಬದಲಿಸಬೇಕು. ಒಳಗೆ ಸುಮಾರು 7 ಲೀಟರ್ ಇದ್ದರೂ ಬದಲಿಸುವಾಗ ಇಳಿಯುವುದು 5 ಚಿಲ್ಲರೆ ಲೀಟರ್. ಮಟ್ಟ ನೋಡುವುದು ಎಂಜಿನ್ ಚಾಲೂ ಇದ್ದು ಗೇರ್‌ಬಾಕ್ಸ್ ಎಣ್ಣೆ 35-45 ಡಿಗ್ರಿ ಇರುವಾಗ, ಡ್ರೈನ್ ತೂತಿನೊಳಗಿನ ಕೊಳವೆಯಿಂದ ಹೆಚ್ಚಾದದ್ದು ತಾನಾಗಿ ಹರಿದು ನಿಲ್ಲುವ ತನಕ. ತಾಪಮಾನ ನೋಡದೆ ತುಂಬಿದರೆ ಮಟ್ಟ ತಪ್ಪುತ್ತದೆ, ಗೇರು ಬೀಳುವಾಗ ಜಗ್ಗಾಟ ಶುರುವಾಗುತ್ತದೆ. ಸರ್ವಿಸ್ ಬಿಲ್ಲಿನಲ್ಲಿ ಈ ಕೆಲಸ ನಮೂದಾಗಿದೆಯೇ ನೋಡಿ.

ಟ್ರಾಫಿಕ್ಕಿನಲ್ಲಿ ಡಿಎಸ್‌ಜಿಯನ್ನು ಅಂಗುಲ ಅಂಗುಲ ತೆವಳಿಸಬೇಡಿ. ಬ್ರೇಕ್ ಅರ್ಧ ಬಿಟ್ಟು ತೆವಳಿಸಿದಾಗ ಕ್ಲಚ್ಚು ಅರ್ಧ ಹಿಡಿದ ಸ್ಥಿತಿಯಲ್ಲೇ ಉಜ್ಜುತ್ತಿರುತ್ತದೆ. ಮುಂದೆ ಒಂದು ಕಾರಿನಷ್ಟು ಜಾಗ ಆಗಲಿ, ಆಮೇಲೆ ಬ್ರೇಕ್ ಪೂರ್ತಿ ಬಿಟ್ಟು ಹೋಗಿ, ಮತ್ತೆ ಪೂರ್ತಿ ನಿಲ್ಲಿಸಿ. ಮ್ಯಾನುಯಲ್ ಆದರೂ ಇದೇ ನೀತಿ. ಜೊತೆಗೆ ಡ್ಯುಯಲ್ ಮಾಸ್ ಫ್ಲೈವೀಲ್ (ಎಂಜಿನ್ನಿನ ನಡುಕ ಹೀರುವ ಎರಡು ತುಂಡಿನ ಚಕ್ರ) ಇರುವುದರಿಂದ ಕ್ಲಚ್ಚಿನ ಕೆಲಸ ಬಂದಾಗ ಅದನ್ನೂ ಪರಿಶೀಲಿಸಬೇಕು. ನಿಮ್ಮ ಅರ್ಧ ದಾರಿ ಟ್ರಾಫಿಕ್ ಎಂದಾದರೆ ನನ್ನ ಮತ ಡಿಎಸ್‌ಜಿಗೆ, ಅನುಮಾನವೇ ಇಲ್ಲ.

---

ಹಗುರಹೆಜ್ಜೆ ಉತ್ತರ:

ಮೇಲಿನ ಇಬ್ಬರೂ ಜಿಟಿಐ ಅಂತಲೇ ಹಿಡಕೊಂಡಿದ್ದಾರೆ. ಸ್ವಿಫ್ಟ್ ಸ್ಪೋರ್ಟನ್ನ ಇಷ್ಟು ಬೇಗ ಬದಿಗೆ ಸರಿಸಬೇಡಿ.

ತೂಕ ಸಾವಿರ ಕೆ.ಜಿ.ಗಿಂತ ಕಡಿಮೆ, 1.4 ಲೀಟರ್ ಟರ್ಬೋ, 140 ಪಿಎಸ್, 230 ನ್ಯೂಟನ್ ಮೀಟರ್. ಜಿಟಿಐಗೆ 350 ನ್ಯೂಟನ್ ಮೀಟರ್ ಇದೆ ನಿಜ, ಆದರೆ ಸುಮಾರು 350 ಕೆ.ಜಿ. ಹೆಚ್ಚು ಹೊರಬೇಕು. ಹಗುರ ಕಾರಿನ ಲಾಭ ಬರೀ ಪಿಕಪ್ಪಿನಲ್ಲಿಲ್ಲ. ಬ್ರೇಕ್ ಪ್ಯಾಡು, ಡಿಸ್ಕು, ಟೈರು, ಬುಷ್ಷು (ಸಸ್ಪೆನ್ಶನ್ನಿನ ರಬ್ಬರ್ ಕೀಲು) ಎಲ್ಲ ನಿಧಾನಕ್ಕೆ ಸವೆಯುತ್ತೆ. 195 ಅಗಲದ ಟೈರು ಕಡಿಮೆ ವೇಗದಲ್ಲೇ ಮಾತಾಡೋಕೆ ಶುರು ಮಾಡುತ್ತೆ, 60ರಲ್ಲೇ ತಿರುವಿನ ಸುಖ ಸಿಗುತ್ತೆ. ಜಿಟಿಐಯಲ್ಲಿ ಅದೇ ಅನುಭವಕ್ಕೆ 90-100 ಬೇಕು, ದಿನನಿತ್ಯದ ರಸ್ತೆಯಲ್ಲಿ ಅದು ಸಿಗೋದು ಅಪರೂಪ. ನನ್ನ ಪ್ರಕಾರ ದಿನಬಳಕೆಯ ಸ್ಪೋರ್ಟಿ ಕಾರಿಗೆ ಇದೇ ಮುಖ್ಯ ಅಳತೆಗೋಲು.

ಎಲ್ಲಿ ಸೋಲುತ್ತೆ ಅಂದ್ರೆ ಜಾಗದಲ್ಲಿ. ಡಿಕ್ಕಿ 265 ಲೀಟರ್, ಜಿಟಿಐದು 380. ಹಿಂದಕ್ಕೆ ಮುಖ ಮಾಡಿ ಕೂರಿಸೋ ಮಗುವಿನ ಸೀಟು ಹಾಕಿದರೆ ಅದರ ಮುಂದಿನ ಸೀಟನ್ನ ಎಷ್ಟು ಮುಂದಕ್ಕೆ ಎಳೀಬೇಕು ಅನ್ನೋದೇ ತೀರ್ಮಾನ ಮಾಡಿಬಿಡುತ್ತೆ. ನಿಮ್ಮ ಸೀಟನ್ನೇ ತಗೊಂಡು ಹೋಗಿ, ಐಸೋಫಿಕ್ಸಿಗೆ (ಮಗುವಿನ ಸೀಟಿಗೆಂದೇ ಇರೋ ಕೊಂಡಿ) ಸಿಕ್ಕಿಸಿ, ಮುಂದೆ ದೊಡ್ಡವರೊಬ್ಬರು ಕೂತು ನೋಡಲಿ. ಮೊಣಕಾಲು ಗ್ಲೌಬಾಕ್ಸಿಗೆ ತಾಗಬಾರದು. ಮಗುವಿನ ಗಾಡಿ ಮಡಚಿ ಡಿಕ್ಕಿಗೆ ಇಟ್ಟೂ ನೋಡಿ, ಲೀಟರ್ ಲೆಕ್ಕ ಆಕಾರ ಹೇಳಲ್ಲ.

ಹೆಚ್ಚು ಬಿಗಿಯಾದ ಗಾಡಿಗಳ ಆಸೆ ಹುಟ್ಟಿದರೆ ಅಂಕಿ ನೋಡಿಯೇ ಮುಂದುವರೀರಿ. ಟೊಯೋಟಾ ಜಿಆರ್ ಯಾರಿಸ್‌ಗೆ ಮೂರೇ ಬಾಗಿಲು, ಡಿಕ್ಕಿ 174 ಲೀಟರ್. ಎಫ್‌ಕೆ8 ಸಿವಿಕ್ ಟೈಪ್ ಆರ್‌ಗೆ ಡಿಕ್ಕಿ 420 ಲೀಟರ್, ಕಂಫರ್ಟ್ ಮೋಡ್ ನಿಜಕ್ಕೂ ಮೆದು, ಆದರೆ ಟೈರು 245/30 ಆರ್20. ಗೋಡೆ ಬರೀ 73.5 ಮಿ.ಮೀ., ಸೀಟು ನಾಲ್ಕೇ, ಗೇರು ಮ್ಯಾನುಯಲ್ ಮಾತ್ರ. ಇವೆರಡೂ ಅದ್ಭುತ ಯಂತ್ರಗಳೇ. ನಿಮ್ಮ 50 ಕಿ.ಮೀ.ಗೆ ಹೇಳಿ ಮಾಡಿಸಿದ್ದಲ್ಲ.

---

ಸ್ಪ್ಯಾನರ್17:

@ಹಗುರಹೆಜ್ಜೆ, ತೂಕದ ಮಾತು ಒಪ್ತೀನಿ. ಆದರೆ 100ರ ಹೆದ್ದಾರಿಯಲ್ಲಿ ದಿನಾ ಕಾಲು ಗಂಟೆಯಾದರೂ ಕೂರೋರಿಗೆ ಸದ್ದಿನ ಲೆಕ್ಕ ಬೇಕು. ಸಣ್ಣ ಹಗುರ ಕಾರಿನಲ್ಲಿ ರಸ್ತೆಯ ಗುಂಯ್ಗುಡುವಿಕೆ ಒಳಗೆ ಬರೋದು ಜಾಸ್ತಿ, ಅದನ್ನ ತಡೆಯೋ ಸಾಮಗ್ರಿಗೇ ತೂಕ ಬೇಕಲ್ವಾ. ಟೈರಿನ ಯುರೋಪಿಯನ್ ಲೇಬಲ್ಲಿನ ಡೆಸಿಬಲ್ ನೋಡಿ ಮೋಸಹೋಗಬೇಡಿ, ಅದು ರಸ್ತೆಬದಿಯಲ್ಲಿ ಅಳೆದ ಹೊರಗಿನ ಸದ್ದು. ಒರಟು ಡಾಂಬರಿನ ಮೇಲೆ 90ರಲ್ಲಿ ಮ್ಯೂಸಿಕ್ ಆಫ್ ಮಾಡಿ, ಹಿಂದಿನ ಸೀಟಿನವರ ಜೊತೆ ಮಾಮೂಲಿ ದನಿಯಲ್ಲಿ ಮಾತಾಡಿ ನೋಡೋದೇ ಪರೀಕ್ಷೆ.

---

ನಾಲ್ಕನೇಗೇರು:

ತುಂಬಾ ಉಪಯೋಗ ಆಯ್ತು. ಈ ವಾರ ನೋಡಬೇಕಿರೋ ಜಿಟಿಐ ಡಿಎಸ್‌ಜಿ, 58,000 ಕಿ.ಮೀ. ಓಡಿದೆ. 225/35 ಆರ್19 ಹಾಕಿದೆ, ಕಂಪನಿಯ 18 ಇಂಚಿನ ರಿಮ್ ಇಲ್ಲವಂತೆ. ರಿಮ್ಯಾಪ್ (ಪವರ್ ಹೆಚ್ಚಿಸೋಕೆ ಎಂಜಿನ್ ಸಾಫ್ಟ್‌ವೇರ್ ಬದಲಾಯಿಸೋದು) ಮಾಡಿಲ್ಲ ಅಂತಾರೆ. ಅದು ನಿಜವಾ ಅಂತ ಹೇಗೆ ಖಚಿತ ಮಾಡ್ಕೊಳ್ಳೋದು? 17 ಇಂಚಿಗೆ ಇಳಿಸಬಹುದಾ?

---

ಎಣ್ಣೆಬತ್ತಿ:

ರಿಮ್ಯಾಪ್ ಬಗ್ಗೆ ಯಾವ ಒಂದು ಪರೀಕ್ಷೆಯೂ ಪೂರ್ತಿ ಖಾತ್ರಿ ಕೊಡುವುದಿಲ್ಲ, ಮೂರ್ನಾಲ್ಕನ್ನು ಸೇರಿಸಿ ನೋಡಿ.

ಓಬಿಡಿ ರೀಡರ್ (ಕಾರಿನ ಕಂಪ್ಯೂಟರ್ ಓದುವ ಸಾಧನ) ಹಾಕಿ "ಕೋಡ್ ಅಳಿಸಿದ ಮೇಲೆ ಓಡಿದ ದೂರ" ಓದಿ. ಅದು 40-50 ಕಿ.ಮೀ. ಮಾತ್ರ ಇದ್ದು, ರೆಡಿನೆಸ್ ಮಾನಿಟರ್‌ಗಳು (ಕಾರು ತನ್ನನ್ನೇ ಪರೀಕ್ಷಿಸಿಕೊಳ್ಳುವ ಹಂತಗಳು) ಅಪೂರ್ಣ ಎಂದು ತೋರಿಸಿದರೆ ನಿಮಗೆ ತೋರಿಸುವ ಮುನ್ನ ಯಾರೋ ಏನೋ ಅಳಿಸಿದ್ದಾರೆ. ಅದೇ ರೀಡರಿನಲ್ಲಿ ಕ್ಯಾಲಿಬ್ರೇಷನ್ ಐಡಿ ಮತ್ತು ಸಿವಿಎನ್ ಸಂಖ್ಯೆ (ಎಂಜಿನ್ ಸಾಫ್ಟ್‌ವೇರಿನ ಗುರುತು ಮತ್ತು ಅದರ ತಾಳೆ ಸಂಖ್ಯೆ) ಬರುತ್ತದೆ, ಬರೆದುಕೊಳ್ಳಿ. ಅಧಿಕೃತ ಸರ್ವಿಸ್ ಸೆಂಟರಿನ ಉಪಕರಣಕ್ಕೆ ಜೋಡಿಸಿದರೆ ಸಾಫ್ಟ್‌ವೇರ್ ಬದಲಾಗಿದೆಯೇ ಎಂದು ಹೋಲಿಸಿ ನೋಡಬಹುದು. ಈ ಕಂಪನಿಯ ದಾಖಲೆಯಲ್ಲಿ ಅಂಥ ಗಾಡಿಗೆ ಟಿಡಿ1 ಎಂಬ ಗುರುತು ಬೀಳುತ್ತದೆ.

ಆಮೇಲೆ ಕಣ್ಣಿಗೆ ಕಾಣುವುದು. ಇಂಟರ್‌ಕೂಲರ್ ಹೋಸ್‌ಗಳ ಕ್ಲ್ಯಾಂಪ್ ಕಂಪನಿಯದ್ದೇ ಅಥವಾ ಸ್ಕ್ರೂ ಹಾಕುವ ಬೇರೆ ಬಗೆಯದ್ದೇ? ಏರ್‌ಬಾಕ್ಸಿನ ಸ್ಕ್ರೂ ತಲೆಗಳು ಸವೆದಿವೆಯೇ? ಸಾಧ್ಯವಾದರೆ ಒಂದು ಸ್ಪಾರ್ಕ್ ಪ್ಲಗ್ ತೆಗೆಸಿ. ಕಂಪನಿ ಹೇಳಿದ್ದಕ್ಕಿಂತ ತಣ್ಣನೆಯ ದರ್ಜೆಯ ಪ್ಲಗ್, ಅಂತರವೂ ಕಿರಿದು ಎಂದರೆ ಬೂಸ್ಟ್ ಹೆಚ್ಚಿಸಿದ್ದ ಗಾಡಿ. ಈಗ ಸಾಫ್ಟ್‌ವೇರ್ ವಾಪಸ್ ಹಾಕಿರಬಹುದು, ಪ್ಲಗ್ ಬದಲಿಸುವುದನ್ನು ಮರೆತಿರುತ್ತಾರೆ. ಇದರ ಮೇಲೆ ಇಷ್ಟು ಒತ್ತಿ ಹೇಳುವ ಕಾರಣ ಗೇರ್‌ಬಾಕ್ಸ್. ಕಂಪನಿಯ 350 ನ್ಯೂಟನ್ ಮೀಟರ್ರೇ ಡಿಕ್ಯೂ250ಗೆ ಮಿತಿಯ ಹತ್ತಿರದ ಲೆಕ್ಕ. ರಿಮ್ಯಾಪ್ ಅದನ್ನು 400 ದಾಟಿಸಿದರೆ ಕ್ಲಚ್ಚು ಜಾರಿ ಸುಡುತ್ತದೆ. ನಾಲ್ಕನೇ ಗೇರನ್ನು ಮ್ಯಾನುಯಲ್ ಮೋಡಿನಲ್ಲಿ ಹಿಡಿದಿಟ್ಟು 2500ರಿಂದ ಪೂರ್ತಿ ಒತ್ತಿ. ವೇಗ ಏರದೆ ಆರ್‌ಪಿಎಂ ಮಾತ್ರ ಜಿಗಿದರೆ ಅಲ್ಲಿಂದ ಹೊರಡಿ.

58,000 ಎಂದರೆ ಡಿಎಸ್‌ಜಿ ಎಣ್ಣೆ ಈಗಲೇ ಆಗಬೇಕು. ಆಗಿಲ್ಲದಿದ್ದರೆ ಆ ಖರ್ಚನ್ನು ಮಾತುಕತೆಗೆ ತನ್ನಿ. ಪರ್ಫಾರ್ಮೆನ್ಸ್ ಪ್ಯಾಕಿನ (ಕಂಪನಿಯೇ ಹೆಚ್ಚು ಪವರ್ ಕೊಟ್ಟ ಆಯ್ಕೆಯ) ಗಾಡಿಯಾದರೆ ಮುಂದಿನ ವಿಎಕ್ಯೂ ಡಿಫರೆನ್ಷಿಯಲ್ಲಿಗೂ (ಎರಡು ಮುಂಚಕ್ರಗಳ ನಡುವೆ ಬಲ ಹಂಚುವ ಭಾಗ) ತನ್ನದೇ ಎಣ್ಣೆ ಇದೆ, ಮೂರು ವರ್ಷಕ್ಕೊಮ್ಮೆ ಬದಲಿಸಬೇಕಾದದ್ದು. ಅದನ್ನು ಬಹಳ ಜನ ಮಾಡಿಸಿಯೇ ಇರುವುದಿಲ್ಲ.

---

ಸ್ಪ್ಯಾನರ್17:

17ಕ್ಕೆ ಇಳಿಸಬಹುದು, ಇಳಿಸಿ. ನೋಡಬೇಕಾದ್ದು ಇಷ್ಟು: ಬೋಲ್ಟ್ 5x112, ನಡುವಿನ ತೂತು 57.1 ಮಿ.ಮೀ., ಟೈರು 225/45 ಆರ್17, ಲೋಡ್ ಇಂಡೆಕ್ಸ್ 91 ಅಥವಾ ಹೆಚ್ಚು. 91 ಅಂದ್ರೆ ಟೈರಿಗೆ 615 ಕೆ.ಜಿ. ತೂತು 57.1ಕ್ಕಿಂತ ದೊಡ್ಡದಿರೋ ರಿಮ್ ಆದರೆ ಒಳಗೆ ಸರಿಯಾದ ಉಂಗುರ ಹಾಕಿಸಿ, ಇಲ್ಲದಿದ್ದರೆ ರಿಮ್ ನಟ್ಟನಡುವೆ ಕೂರದೆ ನಡುಕ ಬರುತ್ತೆ. ಮುಂದಿನ ಡಿಸ್ಕು 312 ಮಿ.ಮೀ. ಆದರೆ ಯೋಚನೆ ಬೇಡ. ಪರ್ಫಾರ್ಮೆನ್ಸ್ ಪ್ಯಾಕಿನ 340 ಮಿ.ಮೀ. ಆದರೆ ಎಲ್ಲಾ 17 ಇಂಚಿನ ರಿಮ್ ಕ್ಯಾಲಿಪರಿಗೆ ತಾಗದೆ ಕೂರಲ್ಲ. ಟೈರು ಹಾಕೋ ಮುಂಚೆ ಬರೀ ರಿಮ್ಮನ್ನ ಕೂರಿಸಿ, ಬೋಲ್ಟ್ ಬಿಗಿದು, ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿ. ಬೋಲ್ಟಿಗೆ 120 ನ್ಯೂಟನ್ ಮೀಟರ್, 50 ಕಿ.ಮೀ. ಓಡಿಸಿದ ಮೇಲೆ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಿ.

ಈಗಿರೋ 19ರ ರಿಮ್ಮುಗಳ ಒಳತುಟಿಯನ್ನ ಜ್ಯಾಕ್ ಹಾಕಿ ತಿರುಗಿಸಿ ನೋಡಿ. ಹೊರಗಡೆ ಫಳಫಳ ಅಂದರೂ ಒಳಗಡೆ ಬಾಗಿರುತ್ತೆ. ಬಾಗಿದ್ದರೆ 90-110ರ ನಡುವೆ ಸ್ಟೀರಿಂಗ್ ನಡುಗುತ್ತೆ, ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗಲ್ಲ. ಅಂಥ ಹೊಡೆತ ತಿಂದ ಗಾಡಿಯಲ್ಲಿ ಸ್ಟ್ರಟ್ ಮೌಂಟು, ಲೋಯರ್ ಆರ್ಮಿನ ಹಿಂದಿನ ಬುಷ್ಷು ಕೂಡ ಪರೀಕ್ಷಿಸಲೇಬೇಕು. ಬುಷ್ ಹರಿದಿದ್ದರೆ ಬ್ರೇಕ್ ಹಾಕಿದಾಗ ಒಂದು ಟಕ್ ಸದ್ದು, ಬಿಟ್ಟಾಗ ಇನ್ನೊಂದು.

ಒಂದು ಮುಖ್ಯ ಮಾತು ಹೇಳೋದು ಬಿಟ್ಟೆ: ಮಾಲೀಕರಿಗೆ ಮುಂಚೆಯೇ ಫೋನ್ ಮಾಡಿ "ಸ್ಟಾರ್ಟ್ ಮಾಡಿಡಬೇಡಿ" ಅಂತ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಟೆಸ್ಟ್ ಡ್ರೈವ್ ಇನ್ನೊಂದು ದಿನಕ್ಕೆ ಮುಂದೂಡಿ, ಯಾಕಂದ್ರೆ ಟೈಮಿಂಗ್ ಚೈನಿನ ಸದ್ದು ಕೇಳೋದು ತಣ್ಣನೆಯ ಎಂಜಿನ್ನಿನ ಮೊದಲ ಎರಡು ಮೂರು ಸೆಕೆಂಡಿನಲ್ಲಿ ಮಾತ್ರ.